ಹೊರೆ ಹೊತ್ತ ಬೈಕು, ಜಾರುವ ಹಾದಿ: ಕೆಸರಿನ ಸಾಹಸಕ್ಕೆ ನೆಲೆ ಎಲ್ಲಿ?

ಬೆಂಗಳೂರು: ಮುಂಗಾರು ಕಾಲಿಟ್ಟಿತೆಂದರೆ ಶನಿವಾರದ ಬೆಳಗಿನ ಜಾವ ನೆಲಮಂಗಲದಿಂದ ಹಾಸನದತ್ತ ಸಾಗುವ ಹೆದ್ದಾರಿಯಲ್ಲಿ ಒಂದು ಬಗೆಯ ಮೋಟಾರ್ ಸೈಕಲ್‌ಗಳ ಸಾಲು ತಪ್ಪದೆ ಕಾಣಸಿಗುತ್ತದೆ. ಎತ್ತರದ ಹ್ಯಾಂಡಲ್, ಹಕ್ಕಿಯ ಕೊಕ್ಕಿನಂತೆ ಮುಂಚಾಚಿದ ಮಡ್‌ಗಾರ್ಡು, ಇಕ್ಕೆಲಗಳಲ್ಲಿ ಅಲ್ಯೂಮಿನಿಯಂ ಪೆಟ್ಟಿಗೆ, ಸೀಟಿನ ಹಿಂದೆ ಬಿಗಿದು ಕಟ್ಟಿದ ಗುಡಾರದ ಗಂಟು. ಮಾರುಕಟ್ಟೆ ಇವಕ್ಕೆ ‘ಅಡ್ವೆಂಚರ್ ಬೈಕ್’ ಎಂದು ಹೆಸರಿಟ್ಟಿದೆ. ಹೊರಟವರ ಗುರಿ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಗಳ ಸುತ್ತಣ ಗುಡ್ಡಗಳು; ಡಾಂಬರು ಮುಗಿದು ಮಣ್ಣು ಆರಂಭವಾಗುವ ಜಾಗಗಳು.

ಈ ಹವ್ಯಾಸವನ್ನು ಸಿರಿವಂತರ ಚಟವೆಂದು ತಳ್ಳಿಹಾಕುವುದು ಸುಲಭ. ಯುವಜನರ ಸಾಹಸಪ್ರಿಯತೆಯೆಂದು ಹೊಗಳುವುದೂ ಅಷ್ಟೇ ಸುಲಭ. ಆದರೆ ಇದರ ಹಿಂದೆ ಮೂರು ಪ್ರಶ್ನೆಗಳಿವೆ. ಇಷ್ಟು ತೂಕದ ಯಂತ್ರ ಕೆಸರಿನಲ್ಲಿ ಹೇಗೆ ವರ್ತಿಸುತ್ತದೆ? ಅದು ಹಾದುಹೋದ ಮೇಲೆ ಹಾದಿಯ ಗತಿಯೇನು? ಈ ಬೈಕನ್ನು ಅದರ ಉದ್ದೇಶಕ್ಕೆ ತಕ್ಕಂತೆ ಓಡಿಸಲು ರಾಜ್ಯದಲ್ಲಿ ಕಾನೂನು ಒಪ್ಪುವ ಜಾಗ ಯಾವುದು? ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಸ್ಪಷ್ಟವಾಗಿದೆ. ಮೂರನೆಯದಕ್ಕೆ ಉತ್ತರ ಕೊಡಬೇಕಾದವರು ಇನ್ನೂ ಬಾಯಿ ತೆರೆದಿಲ್ಲ.

ತೂಕದ ಲೆಕ್ಕ

ಅಡ್ವೆಂಚರ್ ಬೈಕಿನ ಕಲ್ಪನೆ ಹಳೆಯದು. 1980ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ ಡಾಂಬರು ಮತ್ತು ಮಣ್ಣು ಎರಡರಲ್ಲೂ ಓಡುವ ‘ಆರ್80 ಜಿ/ಎಸ್’ ಮಾದರಿಯನ್ನು ಹೊರತಂದಿತು. ಮರುವರ್ಷ ಪ್ಯಾರಿಸ್-ಡಕಾರ್ ರ‍್ಯಾಲಿಯಲ್ಲಿ ಅದೇ ಸಂಸ್ಥೆಯ ಬೈಕು ಗೆದ್ದಿತು. ಭಾರತದಲ್ಲಿ ಈ ವರ್ಗಕ್ಕೆ ವ್ಯಾಪಕ ಮಾರುಕಟ್ಟೆ ದೊರೆತದ್ದು 2016ರಲ್ಲಿ ರಾಯಲ್ ಎನ್‌ಫೀಲ್ಡ್ ‘ಹಿಮಾಲಯನ್’ ಬಂದ ನಂತರ. 2019ರಲ್ಲಿ ಹೀರೊ ಸಂಸ್ಥೆಯ ‘ಎಕ್ಸ್‌ಪಲ್ಸ್ 200’, 2020ರಲ್ಲಿ ಕೆಟಿಎಂನ ‘390 ಅಡ್ವೆಂಚರ್’ ಬಂದವು. 2023ರ ನವೆಂಬರ್‌ನಲ್ಲಿ ಹಿಮಾಲಯನ್ 452 ಸಿಸಿ ಎಂಜಿನ್ನಿನೊಂದಿಗೆ ಹೊಸ ರೂಪ ತಾಳಿತು.

ಈ ಹೊಸ ಹಿಮಾಲಯನ್‌ನ ತೂಕ 196 ಕೆ.ಜಿ. ಅದಕ್ಕೆ ಕಬ್ಬಿಣದ ಗಾರ್ಡು, ಕ್ಯಾರಿಯರ್, ಎರಡು ಪೆಟ್ಟಿಗೆಗಳನ್ನು ಜೋಡಿಸಿದರೆ ಸುಮಾರು 20 ಕೆ.ಜಿ. ಸೇರುತ್ತದೆ ಎಂದಿಟ್ಟುಕೊಳ್ಳೋಣ. ಗುಡಾರ, ಬಟ್ಟೆ, ಸ್ಟವ್, ನೀರು, ಪಾನಾ-ಸ್ಪ್ಯಾನರು ಎಂದು ಇನ್ನೊಂದು 25 ಕೆ.ಜಿ. ಜಾಕೆಟ್, ಬೂಟು, ಹೆಲ್ಮೆಟ್ ಧರಿಸಿದ ಸವಾರ 85 ಕೆ.ಜಿ. ಒಟ್ಟು 326 ಕೆ.ಜಿ. ಎರಡು ಟಯರುಗಳು ನೆಲ ಮುಟ್ಟುವ ಅಂಗೈಯಗಲದ ಜಾಗದ ಮೇಲೆ ಈ ಭಾರವೆಲ್ಲ ನಿಂತಿರುತ್ತದೆ.

ಹೆದ್ದಾರಿಯಲ್ಲಿ ಈ ತೂಕ ಸವಾರನಿಗೆ ಸ್ನೇಹಿತ. ಗಾಳಿಗೆ ಬೈಕು ಅಲುಗಾಡದು, ಓಟ ನೆಮ್ಮದಿಯಾಗಿರುತ್ತದೆ. ಕೆಸರಿಗೆ ಇಳಿದ ಕ್ಷಣ ಅದೇ ತೂಕ ಶತ್ರುವಾಗುತ್ತದೆ. ಟಯರಿನ ಗೆರೆಗಳಲ್ಲಿ ಜೇಡಿ ತುಂಬಿ ಅದು ನುಣುಪಾದ ಉರುಳೆಯಂತಾಗುತ್ತದೆ. ಹ್ಯಾಂಡಲ್ ತಿರುಗಿಸಿದರೂ ಮುಂಚಕ್ರ ನೇರವಾಗಿಯೇ ಜಾರುತ್ತದೆ. ಹಿಂಚಕ್ರದ ಅಚ್ಚಿಗಿಂತ ಹಿಂದಕ್ಕೆ ಕಟ್ಟಿದ ಪ್ರತಿಯೊಂದು ಕಿಲೊ ಸಾಮಾನು ಸನ್ನೆಗೋಲಿನಂತೆ ಕೆಲಸ ಮಾಡಿ ಮುಂಚಕ್ರದ ಮೇಲಿನ ಒತ್ತಡವನ್ನು ಕಡಿಮೆಗೊಳಿಸುತ್ತದೆ. ಹಿಡಿತ ಅತ್ಯಗತ್ಯವಾದಲ್ಲಿಯೇ ಹಿಡಿತ ತಪ್ಪುವುದಕ್ಕೆ ಇದು ಕಾರಣ. ಎತ್ತರದಲ್ಲಿ ಕಟ್ಟಿದ ಗಂಟು ಗುರುತ್ವ ಕೇಂದ್ರವನ್ನು ಮೇಲಕ್ಕೆತ್ತುತ್ತದೆ. ಒಮ್ಮೆ ವಾಲಿದ ಬೈಕನ್ನು ಕಾಲೂರಿ ತಡೆಯುವುದು ಅಸಾಧ್ಯವಾಗುತ್ತದೆ.

ಕೆಸರೆಲ್ಲ ಒಂದೇ ಅಲ್ಲ ಎಂಬುದೂ ಗಮನಾರ್ಹ. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ಹಾದಿಯಲ್ಲಿ ಮೇಲ್ಪದರ ಮಾತ್ರ ಎಣ್ಣೆ ಸವರಿದಂತಿದ್ದು ಕೆಳಗೆ ಗಟ್ಟಿ ನೆಲವಿರುತ್ತದೆ. ಪಾಚಿ ಕಟ್ಟಿದ ಕಲ್ಲು ನಡುವೆ ಅಡಗಿರುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣಿನ ಗುಣವೇ ಬೇರೆ. ಅದು ಅಂಟಿನಂತೆ ಹಿಡಿದು, ಚಕ್ರ ಮತ್ತು ಮಡ್‌ಗಾರ್ಡಿನ ನಡುವೆ ಪದರ ಪದರವಾಗಿ ಸೇರಿ, ಕೊನೆಗೆ ಚಕ್ರ ತಿರುಗದಂತೆ ಮಾಡುತ್ತದೆ. ಮೊದಲನೆಯದು ಸವಾರನನ್ನು ಬೀಳಿಸುತ್ತದೆ, ಎರಡನೆಯದು ನಿಲ್ಲಿಸುತ್ತದೆ.

ಬಿದ್ದ ಮೇಲಿನ ಕಥೆ ಜಾಹೀರಾತುಗಳಲ್ಲಿ ಬರುವುದಿಲ್ಲ. ಜಾರುವ ಇಳಿಜಾರಿನಲ್ಲಿ 240 ಕೆ.ಜಿ. ತೂಕದ ಬೈಕನ್ನು ಒಬ್ಬನೇ ಎತ್ತಿ ನಿಲ್ಲಿಸುವುದು ಹೆಚ್ಚಿನವರಿಗೆ ಆಗದ ಕೆಲಸ. ಕಾಲಿಗೆ ಆಸರೆಯೇ ಸಿಗುವುದಿಲ್ಲ. ಗಟ್ಟಿ ಪೆಟ್ಟಿಗೆಯಿದ್ದರೆ ಅಪಾಯ ಇಮ್ಮಡಿ. ಆಯ ತಪ್ಪಿದಾಗ ಸವಾರ ಸಹಜವಾಗಿಯೇ ಕಾಲು ಕೆಳಗಿಡುತ್ತಾನೆ. ಮುಂದಕ್ಕೆ ಜಾರುವ ಬೈಕಿನ ಪೆಟ್ಟಿಗೆ ಅದೇ ಕಾಲಿನ ಮೇಲೆ ಬಂದು ಕೂರುತ್ತದೆ. ಪಾದದ ಕೀಲು ಮುರಿಯುವುದು ಹೀಗೆ. ದೂರ ಪ್ರಯಾಣದ ಅನುಭವಿಗಳಲ್ಲಿ ಅನೇಕರು ಲೋಹದ ಪೆಟ್ಟಿಗೆ ಬಿಟ್ಟು ಮೆತ್ತನೆಯ ಜೋಳಿಗೆಯಂಥ ಬ್ಯಾಗುಗಳಿಗೆ ಮರಳಿರುವುದಕ್ಕೆ ಇದೇ ಮುಖ್ಯ ಕಾರಣ.

ಹಗುರವೇ ಗೆದ್ದ ಉದಾಹರಣೆಗಳು

ಅಡ್ವೆಂಚರ್ ಬೈಕಿನ ಜಾಗತಿಕ ಜನಪ್ರಿಯತೆಗೆ 2004ರಲ್ಲಿ ಪ್ರಸಾರವಾದ ‘ಲಾಂಗ್ ವೇ ರೌಂಡ್’ ಎಂಬ ಕಿರುತೆರೆ ಸರಣಿಯ ಕೊಡುಗೆ ದೊಡ್ಡದು. ನಟರಾದ ಎವನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ ಲಂಡನ್ನಿನಿಂದ ನ್ಯೂಯಾರ್ಕ್‌ವರೆಗೆ ಭಾರೀ ಬಿಎಂಡಬ್ಲ್ಯು ಬೈಕುಗಳಲ್ಲಿ ಪಯಣಿಸಿದ ಕಥನವದು. ಸರಣಿ ನೋಡಿದವರಿಗೆ ಮಂಗೋಲಿಯಾದ ಭಾಗ ಮರೆಯುವಂಥದಲ್ಲ. ಸಾಮಾನು ತುಂಬಿದ ಬೈಕುಗಳು ಅಲ್ಲಿನ ಕೆಸರಿನಲ್ಲಿ ಮತ್ತೆ ಮತ್ತೆ ಉರುಳಿದವು. ಛಾಯಾಗ್ರಾಹಕ ಕ್ಲಾಡಿಯೊ ಫಾನ್ ಪ್ಲಾಂಟಾ ಅವರ ಬೈಕಿನ ಚಾಸಿಯೇ ಮುರಿಯಿತು. ಅವರು ಪ್ರಯಾಣ ಮುಂದುವರಿಸಿದ್ದು ಅಲ್ಲೇ ಕೊಂಡ ‘ಇಜ್’ ಹೆಸರಿನ ಅಗ್ಗದ ರಷ್ಯನ್ ಬೈಕಿನಲ್ಲಿ. ಆ ಹಗುರ ಬೈಕು ಆಗಾಗ ಕೆಟ್ಟು ನಿಂತರೂ ಕೆಸರಿನಲ್ಲಿ ದೊಡ್ಡ ಬೈಕುಗಳಿಗಿಂತ ಸಲೀಸಾಗಿ ಸಾಗಿತು. ಸರಣಿ ನೋಡಿದ ಜಗತ್ತು ಮಾತ್ರ ಕೊಳ್ಳಲು ಮುಗಿಬಿದ್ದದ್ದು ಭಾರೀ ಬೈಕುಗಳನ್ನು.

ಡಕಾರ್ ರ‍್ಯಾಲಿಯ ನಿಯಮವೂ ಇದೇ ಪಾಠ ಹೇಳುತ್ತದೆ. 2011ರಿಂದ ಅಲ್ಲಿ ಬೈಕುಗಳಿಗೆ 450 ಸಿಸಿ ಮಿತಿಯಿದೆ. ಸ್ಪರ್ಧಿಗಳ ಗುಡಾರ, ಬಟ್ಟೆ, ಬಿಡಿಭಾಗಗಳನ್ನು ಹೊರುವುದು ಲಾರಿಗಳೇ ಹೊರತು ಬೈಕುಗಳಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಈ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರೆನಿಸಿದರು, ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಆ ಸಾಧನೆ ಮಾಡಿದರು. ಇವರು ಯಾರೂ ಪೆಟ್ಟಿಗೆ ಕಟ್ಟಿಕೊಂಡು ಓಡಿಸಿದವರಲ್ಲ. ಅಷ್ಟೆಲ್ಲ ಅನುಭವವಿದ್ದ ಸಂತೋಷ್ 2021ರ ರ‍್ಯಾಲಿಯಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟು ಮಾಡಿಕೊಂಡರು; ಅವರನ್ನು ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸಲಾಯಿತು. ಬಿಸಿಲೆ ಸುತ್ತಣ ಕಾಡಿನಂಚಿನಲ್ಲಿ ಮೊಬೈಲ್ ಸಂಪರ್ಕ ಸಿಗದೆ ಬಿದ್ದವನಿಗೆ ಆ ಸೌಲಭ್ಯವಿಲ್ಲ. 108 ಆಂಬುಲೆನ್ಸ್ ರಾಜ್ಯದಲ್ಲಿ 2008ರಿಂದ ಸೇವೆಯಲ್ಲಿದ್ದರೂ ಅದು ಡಾಂಬರು ಇರುವಲ್ಲಿಯವರೆಗೆ ಮಾತ್ರ ನೆಚ್ಚಿಕೊಳ್ಳಬಹುದಾದ ಸೇವೆ. ಗಾಯಾಳುವನ್ನು ಅಲ್ಲಿಗೆ ತಲುಪಿಸುವವರು ತೋಟದ ಕೆಲಸಗಾರರು ಮತ್ತು ಊರಿನ ಪಿಕಪ್ ಜೀಪಿನವರು.

ನಮ್ಮ ಹಳ್ಳಿಗಳಲ್ಲಿಯೂ ಸಾಕ್ಷ್ಯವಿದೆ. ಮಲೆನಾಡಿನ ಮಣ್ಣುರಸ್ತೆಗಳಲ್ಲಿ ಮಳೆಗಾಲವಿಡೀ ಹಾಲಿನ ಕ್ಯಾನು, ಗೊಬ್ಬರದ ಮೂಟೆ ಹೊತ್ತು ಓಡಾಡುವ ಟಿವಿಎಸ್ ಎಕ್ಸ್‌ಎಲ್ ಮೊಪೆಡ್ಡಿನ ತೂಕ 90 ಕೆ.ಜಿ.ಗಿಂತ ಕಡಿಮೆ. ಜಾರಿದರೆ ಸವಾರ ಇಳಿದು ನಿಲ್ಲಿಸುತ್ತಾನೆ, ಹೂತರೆ ಎಳೆದು ತೆಗೆಯುತ್ತಾನೆ. ಅವನ ಪಾಲಿಗೆ ಅದು ಸಾಹಸವಲ್ಲ, ದಿನಚರಿ.

ಹಾದಿಯ ಪಾಡು

ಸವಾರ ತನ್ನ ಇಚ್ಛೆಯಿಂದ ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ. ಹಾದಿಗೆ ಆ ಆಯ್ಕೆಯಿಲ್ಲ. ನೆನೆದ ಮಣ್ಣಿನ ಮೇಲೆ ಭಾರದ ಚಕ್ರ ಉರುಳಿದಾಗ ಮಣ್ಣಿನ ಕಣಗಳ ನಡುವಣ ಅವಕಾಶ ಮುಚ್ಚಿ ನೆಲ ನೀರು ಕುಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಿಂಚಕ್ರ ನಿಂತಲ್ಲೇ ಗಿರಗಿರನೆ ತಿರುಗಿದರೆ ಮೇಲ್ಮಣ್ಣು ಕಿತ್ತು ಕಾಲುವೆಯಾಗುತ್ತದೆ. ಮುಂದಿನ ಮಳೆಯ ನೀರು ಆ ಕಾಲುವೆಯನ್ನೇ ದಾರಿ ಮಾಡಿಕೊಳ್ಳುತ್ತದೆ. ಆಗುಂಬೆಯಂಥಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಅಂಥ ಸೀಮೆಯಲ್ಲಿ ಜೂನ್‌ನಲ್ಲಿ ಬೆರಳಿನಷ್ಟಿದ್ದ ಗೀರು ಸೆಪ್ಟೆಂಬರ್ ಹೊತ್ತಿಗೆ ಮೊಣಕಾಲುದ್ದದ ಕೊರಕಲಾಗಿರುತ್ತದೆ. ಕೊರಕಲು ಆಳವಾದಾಗ ಮುಂದಿನ ಸವಾರರು ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ಹುಡುಕುತ್ತಾರೆ. ಒಂದು ಹಾದಿ ಮೂರಾಗುವುದು ಹೀಗೆ.

ಈ ಹಾನಿ ಎಲ್ಲಿ ನಡೆಯುತ್ತಿದೆ ಎಂಬುದನ್ನೂ ನೋಡಬೇಕು. ಪಶ್ಚಿಮ ಘಟ್ಟಗಳ 39 ತಾಣಗಳನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ, ಕುದುರೆಮುಖ, ಸೋಮೇಶ್ವರ ಸೇರಿದಂತೆ ಅವುಗಳಲ್ಲಿ 10 ಕರ್ನಾಟಕದವು. ಶೋಲಾ ಕಾಡು ಮತ್ತು ಹುಲ್ಲುಗಾವಲಿನ ತೆಳು ಮಣ್ಣು ಮಳೆನೀರನ್ನು ಹೀರಿ ತೊರೆಗಳಿಗೆ ನಿಧಾನವಾಗಿ ಬಿಡುವ ಸ್ಪಂಜಿನಂತೆ ವರ್ತಿಸುತ್ತದೆ. ಘಟ್ಟದ ಕಪ್ಪೆಗಳಲ್ಲಿ ಹಲವು ಮೊಟ್ಟೆಯಿಡುವುದು ಸವಾರರು ಬಯಸುವ ಈ ಮಳೆಗಾಲದಲ್ಲಿಯೇ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಶಿರೂರಿನಲ್ಲಿ ಹಾಗೂ ನೆರೆಯ ವಯನಾಡಿನಲ್ಲಿ ಗುಡ್ಡಗಳು ಕುಸಿದು ಜೀವಗಳನ್ನು ಬಲಿ ಪಡೆದ ನೆನಪು ಮಾಸಿಲ್ಲ. ಆ ದುರಂತಗಳಿಗೂ ಬೈಕುಗಳಿಗೂ ನಂಟು ಕಟ್ಟುವುದು ಅನ್ಯಾಯ. ಆದರೆ ನೆನೆದ ಇಳಿಜಾರು ಎಷ್ಟು ಸೂಕ್ಷ್ಮ ಎಂಬುದಕ್ಕೆ ಬೇರೆ ಎಚ್ಚರಿಕೆ ಬೇಕಿಲ್ಲ.

ಇನ್ನೊಂದು ಮುಖವನ್ನು ನಗರದ ಸವಾರರು ಮರೆಯುತ್ತಾರೆ. ಅವರು ‘ಟ್ರೇಲ್’ ಎಂದು ಕರೆಯುವುದು ಬಹುಪಾಲು ಯಾರದೋ ಮನೆಗೆ ಹೋಗುವ ದಾರಿ. ಶಾಲೆಗೆ ನಡೆಯುವ ಮಕ್ಕಳು, ಡೇರಿಗೆ ಹಾಲು ಒಯ್ಯುವವರು, ಆಸ್ಪತ್ರೆಗೆ ಹೊರಟ ಗರ್ಭಿಣಿಯರು ಬಳಸುವ ದಾರಿ. ಇಪ್ಪತ್ತು ಭಾರೀ ಬೈಕುಗಳು ಭಾನುವಾರ ಅದನ್ನು ಉತ್ತು ಹೋದರೆ ಸೋಮವಾರ ಊರಿನವರ ಜೀಪು ಹತ್ತುವುದಿಲ್ಲ. ದುರಸ್ತಿಯ ಖರ್ಚು ಗ್ರಾಮ ಪಂಚಾಯಿತಿಯದು, ಇಲ್ಲವೇ ಊರಿನವರ ಬೆವರಿನದು.

ಕಾನೂನಿನ ಎರಡು ನಾಲಿಗೆ

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 27ನೇ ವಿಧಿಯ ಪ್ರಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸಬಲ್ಲವರು ಕೆಲವರೇ: ಕರ್ತವ್ಯನಿರತ ಸರ್ಕಾರಿ ನೌಕರರು, ಒಳಗೆ ಸ್ಥಿರಾಸ್ತಿ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮತ್ತು ಅಂಥವರ ಅವಲಂಬಿತರು. ಮೀಸಲು ಅರಣ್ಯದೊಳಗೆ ಅತಿಕ್ರಮ ಪ್ರವೇಶ ಕರ್ನಾಟಕ ಅರಣ್ಯ ಕಾಯ್ದೆ 1963ರಡಿ ಅಪರಾಧ. ಹೀಗಾಗಿ ಮೊಬೈಲ್ ನಕ್ಷೆಯಲ್ಲಿ ಗೆರೆ ಕಂಡಿತೆಂದು ಕಾಡಿಗೆ ನುಗ್ಗುವ ಸವಾರ, ತನಗೆ ಅರಿವಿರಲಿ ಇಲ್ಲದಿರಲಿ, ಅಪರಾಧಿಯಾಗುತ್ತಾನೆ. ಉಳಿದದ್ದು ಖಾಸಗಿ ತೋಟ ಮತ್ತು ಪಂಚಾಯಿತಿ ರಸ್ತೆ. ಒಂದಕ್ಕೆ ಮಾಲೀಕರ ಒಪ್ಪಿಗೆ ಬೇಕು, ಇನ್ನೊಂದಕ್ಕೆ ಊರಿನವರ ಸಹನೆ ಬೇಕು.

ಕಾಲ್ನಡಿಗೆಯ ಚಾರಣಿಗರ ವಿಷಯದಲ್ಲಿ ಸರ್ಕಾರ ಒಂದು ದಾರಿ ಕಂಡುಕೊಂಡಿದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಲೇ ಮುಗಿಬಿದ್ದ ನಂತರ ಅರಣ್ಯ ಇಲಾಖೆ ಎಚ್ಚೆತ್ತು, ಆನ್‌ಲೈನ್ ನೋಂದಣಿ ಮತ್ತು ದಿನದ ಮಿತಿಯ ವ್ಯವಸ್ಥೆ ರೂಪಿಸಿತು. ಕಾಲಲ್ಲಿ ನಡೆಯುವವನಿಗೆ ಲೆಕ್ಕ, ಮಿತಿ, ಶುಲ್ಕ ಎಲ್ಲವೂ ಇವೆ. ಮುನ್ನೂರು ಕಿಲೊ ಭಾರದೊಂದಿಗೆ ಚಕ್ರದಲ್ಲಿ ಬರುವವನಿಗೆ ‘ಬೇಡ’ ಎಂಬ ಫಲಕವೊಂದೇ ಇದೆ; ಆ ಫಲಕವೂ ಎಲ್ಲೆಡೆ ಇಲ್ಲ.

ತೆರಿಗೆಯ ವಿಷಯದಲ್ಲಿ ಮಾತ್ರ ಈ ಮೌನವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯಲ್ಲಿ 350 ಸಿಸಿ ಮೀರಿದ ಬೈಕುಗಳಿಗೆ ಶೇ 40ರ ದರ ನಿಗದಿಯಾಯಿತು. ಅದಕ್ಕೆ ಮೊದಲು ಸೆಸ್ ಸೇರಿ ಶೇ 31 ಇತ್ತು. 350 ಸಿಸಿವರೆಗಿನವಕ್ಕೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಇದರ ಉದ್ದೇಶ ಪರಿಸರವಲ್ಲ, ಐಷಾರಾಮದ ಮೇಲಿನ ತೆರಿಗೆ. ಆದರೂ ಹಗುರ ಬೈಕು ಅಗ್ಗವಾಗಿ ಭಾರದ ಬೈಕು ದುಬಾರಿಯಾದದ್ದು ಕೆಸರಿನ ಹಾದಿಗಳ ಮಟ್ಟಿಗೆ ಅನಾಯಾಸವಾಗಿ ಒದಗಿದ ಒಳಿತು. 452 ಸಿಸಿ ಬೈಕು ಕೊಂಡವನಿಂದ ಶೇ 40 ತೆರಿಗೆ ಪಡೆಯುವ ವ್ಯವಸ್ಥೆ, ಅವನು ಅದನ್ನು ಕಲಿಯುವುದಕ್ಕೆ, ಓಡಿಸುವುದಕ್ಕೆ ಒಂದು ಎಕರೆ ನೆಲವನ್ನೂ ಗುರುತಿಸಿಕೊಟ್ಟಿಲ್ಲ ಎಂಬುದು ವಿಪರ್ಯಾಸ.

ಬೇರೆಯವರು ಏನು ಮಾಡಿದರು?

ಅಮೆರಿಕದಲ್ಲಿ ಈ ಸಮಸ್ಯೆ ಐವತ್ತು ವರ್ಷಗಳ ಹಿಂದೆಯೇ ತಲೆದೋರಿತ್ತು. 1972ರಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಹೊರಡಿಸಿದ ಆದೇಶವೊಂದು, ಸರ್ಕಾರಿ ಭೂಮಿಯಲ್ಲಿ ಇಂಥ ವಾಹನಗಳು ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಎಂದು ಗುರುತಿಸುವಂತೆ ಇಲಾಖೆಗಳಿಗೆ ಸೂಚಿಸಿತು. 2005ರ ನಿಯಮದ ಮೂಲಕ ಅಲ್ಲಿನ ಅರಣ್ಯ ಸೇವೆಯು ನಕ್ಷೆಯಲ್ಲಿ ಗುರುತಿಸಿದ ಹಾದಿಗಳಿಗಷ್ಟೇ ವಾಹನಗಳನ್ನು ಸೀಮಿತಗೊಳಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2006ರ ಕಾಯ್ದೆಯು ದಾಖಲೆಗೆ ಸೇರದ ಹಳೆಯ ಹಾದಿಗಳ ಮೇಲಿನ ಮೋಟಾರು ವಾಹನ ಹಕ್ಕನ್ನು ಬಹುಮಟ್ಟಿಗೆ ತೆಗೆದುಹಾಕಿತು. ದಾಖಲಾದ ಹಾದಿಗಳಲ್ಲಿ ಸವಾರಿ ಉಳಿಯಿತು. ಜರ್ಮನಿಯ ಹೆಕ್ಲಿಂಗೆನ್‌ನಲ್ಲಿ ಹಳೆಯ ಕಲ್ಲುಗಣಿಯೊಂದು ಸವಾರಿ ತರಬೇತಿಯ ತಾಣವಾಗಿದೆ. ಭಾರದ ಬೈಕನ್ನು ಕೆಸರಿನಲ್ಲಿ ಬೀಳಿಸಿ, ಎತ್ತಿ, ಮತ್ತೆ ಓಡಿಸಿ ಕಲಿಯುವುದು ಅಲ್ಲಿ ಪಾಠದ ಭಾಗ.

ಈ ಮೂರೂ ಕಡೆ ನೀತಿಯ ತಿರುಳು ಒಂದೇ. ಇಂಥಲ್ಲಿ ಸರಿ, ಉಳಿದಲ್ಲಿ ತಪ್ಪು ಎಂಬ ಗೆರೆ ಎಲ್ಲರಿಗೂ ಕಾಣುವಂತಿದೆ. ಎಲ್ಲೆಡೆ ನಿಷೇಧಿಸಿದರೆ ಸವಾರರು ಕದ್ದು ಹೋಗುತ್ತಾರೆ. ಎಲ್ಲೆಡೆ ಬಿಟ್ಟರೆ ಗುಡ್ಡ ಉಳಿಯುವುದಿಲ್ಲ.

ಆಗಬೇಕಾದುದೇನು?

ಕರ್ನಾಟಕದಲ್ಲಿ ಕೆಲಸ ನಿಲ್ಲಿಸಿದ ಕಲ್ಲುಗಣಿಗಳಿಗೆ ಬರವಿಲ್ಲ. ಬಯಲುಸೀಮೆಯ ಅಂಥ ಕೆಲವು ತಾಣಗಳನ್ನು, ಸುರಕ್ಷತೆ ಪರಿಶೀಲಿಸಿ, ಸವಾರಿಗೆ ಮೀಸಲಿಟ್ಟರೆ ಘಟ್ಟದ ಮೇಲಿನ ಒತ್ತಡ ತಗ್ಗುತ್ತದೆ. ಸಾಹಸ ಕ್ರೀಡೆಗಳ ತರಬೇತಿಗೆಂದೇ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ಹೆಸರಿನ ಸಾಹಸ ಅಕಾಡೆಮಿಯಿದೆ. ಶಿಲಾರೋಹಣ, ಜಲಸಾಹಸಗಳ ಸಾಲಿಗೆ ಮಣ್ಣುಹಾದಿಯ ಸವಾರಿಯನ್ನು ಸೇರಿಸುವ ಬಗ್ಗೆ ಅದು ಯೋಚಿಸಬಹುದು. ಖಾಸಗಿ ತರಬೇತಿ ತಾಣಗಳು ಈಗಾಗಲೇ ಬೆಂಗಳೂರಿನ ಸುತ್ತ ಇವೆ. ಆದರೆ ಬೈಕು ಮಾರುವಾಗಲೇ ಒಂದು ದಿನದ ಪಾಠವನ್ನು ಕಡ್ಡಾಯವಾಗಿ ಒದಗಿಸುವ ಹೊಣೆ ತಯಾರಕರದಾಗಬೇಕು. ಮಲೆನಾಡಿನಲ್ಲಿ ಪಂಚಾಯಿತಿ ಮತ್ತು ತೋಟದ ಮಾಲೀಕರ ಒಪ್ಪಿಗೆಯಿರುವ ಕೆಲವೇ ಹಾದಿಗಳನ್ನು ಶುಲ್ಕ ಮತ್ತು ಸಂಖ್ಯಾಮಿತಿಯೊಂದಿಗೆ ತೆರೆದು, ಆ ಶುಲ್ಕವನ್ನು ಆಯಾ ಹಾದಿಯ ದುರಸ್ತಿಗೇ ಮುಡಿಪಿಡಬೇಕು. ಮಳೆ ಜೋರಾಗಿರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವನ್ನೂ ಮುಚ್ಚಬೇಕು.

ಈ ಕೊನೆಯ ಮಾತು ಸವಾರರಿಗೆ ರುಚಿಸದು. ಕೆಸರಿಲ್ಲದ ಮಣ್ಣುಹಾದಿ ಉಪ್ಪಿಲ್ಲದ ಊಟ ಎಂಬುದು ಅವರ ವಾದ. ಮಳೆಗಾಲದ ಅತಿಥಿಗಳನ್ನೇ ನಂಬಿದ ಹೋಂಸ್ಟೇಗಳಿಗೂ ಆತಂಕವಿರುವುದು ಸಹಜ. ಆದರೆ ಡಾಂಬರು ರಸ್ತೆಯ ಪ್ರವಾಸಕ್ಕೆ ಯಾರೂ ಅಡ್ಡಿ ಹೇಳುತ್ತಿಲ್ಲ. ಕೆಸರೇ ಬೇಕೆನ್ನುವವರಿಗೆ ಕಲ್ಲುಗಣಿಯ ಕೆಸರು ಘಟ್ಟದ ಕೆಸರಿಗಿಂತ ಕಡಿಮೆ ಜಾರುವುದಿಲ್ಲ.

ಸರ್ಕಾರ ಹೆಜ್ಜೆಯಿಡುವವರೆಗೆ ಸವಾರರೇ ಮಾಡಬಹುದಾದ ಕೆಲಸಗಳಿವೆ. ಹಾದಿಗೆ ಇಳಿಯುವ ಮೊದಲು ಗುಡಾರ, ಪೆಟ್ಟಿಗೆಗಳನ್ನು ತಂಗುವ ಮನೆಯಲ್ಲಿಯೇ ಇಳಿಸಬೇಕು. ಒಯ್ಯಲೇಬೇಕಾದ ಸಾಮಾನು ಕೆಳಗೆ, ಸವಾರನಿಗೆ ಹತ್ತಿರವಾಗಿ, ಮೆತ್ತನೆಯ ಬ್ಯಾಗಿನಲ್ಲಿರಬೇಕು. ಟಯರಿನ ಗಾಳಿಯನ್ನು ಕೆಸರಿಗೆ ತಕ್ಕಂತೆ ಇಳಿಸಿ, ಡಾಂಬರಿಗೆ ಮರಳಿದಾಗ ಮರೆಯದೆ ತುಂಬಬೇಕು. ಸಂಶಯವಿದ್ದ ಕಡೆ ಮೊದಲು ಇಳಿದು ನಡೆದು ನೋಡಬೇಕು. ಒಬ್ಬರೇ ಹೋಗುವುದೂ ತಪ್ಪು, ಇಪ್ಪತ್ತು ಜನ ಗುಂಪಾಗಿ ಹೋಗುವುದೂ ತಪ್ಪು. ಬಿದ್ದ ಬೈಕು ಎತ್ತಲು ಮೂರು ನಾಲ್ಕು ಜನ ಸಾಕು. ಊರಿನವರು ಬೇಡವೆಂದರೆ ವಾದಕ್ಕಿಳಿಯದೆ ಮರಳಬೇಕು. ವಿಮೆಯ ಕರಾರನ್ನೂ ಓದಿಕೊಳ್ಳುವುದು ಒಳಿತು: ಸಂಘಟಿತ ಸ್ಪರ್ಧೆ, ವೇಗ ಪರೀಕ್ಷೆಗಳಲ್ಲಿ ಆದ ಹಾನಿಗೆ ಸಾಮಾನ್ಯ ವಾಹನ ವಿಮೆ ಅನ್ವಯಿಸುವುದಿಲ್ಲ.

ಸಾಹಸ ಬೇಡವೆನ್ನುವ ಸಮಾಜ ಬೇಗ ಮುಪ್ಪಾಗುತ್ತದೆ ಎಂಬುದು ನಿಜ. ಆದರೆ ಸಾಹಸದ ಬೆಲೆಯನ್ನು ತೆರಬೇಕಾದವನು ಸಾಹಸಿಯೇ ಹೊರತು ಅವನು ಹಾದುಹೋದ ಊರಲ್ಲ. ಈ ಮಳೆಗಾಲದಲ್ಲಿ ಘಟ್ಟದ ಹಾದಿಗಳ ಮೇಲೆ ಬೀಳುವ ಪ್ರತಿ ಗೀರಿನ ಲೆಕ್ಕವನ್ನು ಯಾರು ಇಡಬೇಕೆಂದು ಅರಣ್ಯ, ಪ್ರವಾಸೋದ್ಯಮ ಮತ್ತು ಕ್ರೀಡಾ ಇಲಾಖೆಗಳು ಒಟ್ಟಿಗೆ ಕುಳಿತು ತೀರ್ಮಾನಿಸುವುದು ಒಳ್ಳೆಯದು. ತಡವಾದಷ್ಟೂ ಕೊರಕಲು ಆಳವಾಗುತ್ತದೆ.